ಏಳು ಸಿಕ್ಕಾ, ಆರು ಕಲ್ದಾರ್ ಮತ್ತು ವಿಮಾನದ ಮೈಲಿ

ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ಮನೆಯೊಂದರಿಂದ ಮಗನೋ ಮಗಳೋ ವಿದೇಶದಲ್ಲಿ ನೆಲೆಸಲು ಹೊರಟರೆಂದರೆ ಮೊದಲು ಶುರುವಾಗುವುದು ತೂಕದ ಲೆಕ್ಕ. ಖಡಕ್ ರೊಟ್ಟಿ ಎಷ್ಟು, ಶೇಂಗಾ ಹಿಂಡಿ ಎಷ್ಟು, ಮನೆಯ ಹೊಲದ ತೊಗರಿ ಬೇಳೆ ಎಷ್ಟು ಎಂದು ಸೂಟ್‌ಕೇಸನ್ನು ಮೂರು ಸಲ ಬಿಚ್ಚಿ ಮೂರು ಸಲ ಕಟ್ಟುತ್ತಾರೆ. ವಿಮಾನದವರು ಕೊಟ್ಟ ಕಿಲೋ ಮಿತಿಯೊಳಗೆ ಎಲ್ಲವೂ ಕೂಡಬೇಕಲ್ಲ! ಇತ್ತೀಚಿನ ವರ್ಷಗಳಲ್ಲಿ ತೂಕವೇ ಇಲ್ಲದ ಇನ್ನೊಂದು ಗಂಟಿನ ಪ್ರಶ್ನೆಯೂ ಇದರ ಜೊತೆ ಸೇರಿದೆ. ಬೆಂಗಳೂರು, ದೆಹಲಿ, ಮುಂಬಯಿ ಎಂದು ಕಂಪೆನಿ ಕೆಲಸಕ್ಕಾಗಿ ವರ್ಷಗಟ್ಟಲೆ ಹಾರಾಡಿ ಒಂದು ವಿಮಾನ ಸಂಸ್ಥೆಯ ಖಾತೆಯಲ್ಲಿ ಕೂಡಿಟ್ಟ ‘ಮೈಲಿ’ಗಳ ಗಂಟು ಅದು. ಇನ್ನು ಮುಂದೆ ಇರುವುದು ಶಿಕಾಗೋದಲ್ಲಿ, ಹಾರುವುದು ಅಲ್ಲಿಯ ವಿಮಾನದಲ್ಲಿ. ಇಲ್ಲಿಯ ಮೈಲಿಗಳನ್ನು ಅಲ್ಲಿಯ ಸಂಸ್ಥೆಯ ಖಾತೆಗೆ ವರ್ಗಾಯಿಸಬಹುದೇ?

ಸಾಮಾನ್ಯವಾಗಿ ಆಗುವುದಿಲ್ಲ ಎಂಬುದು ಚಿಕ್ಕ ಉತ್ತರ. ಏಕೆ ಆಗುವುದಿಲ್ಲ ಎಂದು ತಿಳಿಯಲು ಶಿಕಾಗೋವರೆಗೆ ಹೋಗಬೇಕಿಲ್ಲ, ವಾಡಿ ಜಂಕ್ಷನ್‌ವರೆಗೆ ಹೋದರೆ ಸಾಕು. ಒಂದು ಕಡೆ ಗಳಿಸಿದ್ದು ಇನ್ನೊಂದು ಕಡೆ ನಡೆಯುತ್ತದೆಯೇ, ನಡೆದರೆ ಎಷ್ಟಕ್ಕೆ ನಡೆಯುತ್ತದೆ ಎಂಬ ಪ್ರಶ್ನೆ ಈ ಭಾಗದ ಜನರಿಗೆ ಹೊಸದಲ್ಲ. ಅವರ ಅಜ್ಜ ಮುತ್ತಜ್ಜಂದಿರು ಸೊಲ್ಲಾಪುರಕ್ಕೋ ಮುಂಬಯಿಗೋ ಹೊರಟಾಗಲೆಲ್ಲ ಇದೇ ಲೆಕ್ಕ ಹಾಕುತ್ತಿದ್ದರು. ಅವರ ಕೈಯಲ್ಲಿ ಇದ್ದುದು ಹಾಲಿ ಸಿಕ್ಕಾ.

ಎರಡು ಹಳಿ, ಎರಡು ರೂಪಾಯಿ

ಇಂದಿನ ಕಲಬುರಗಿ ಜಿಲ್ಲೆ 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದ ಭಾಗವಾಗಿತ್ತು ಎಂಬುದು ಎಲ್ಲರಿಗೂ ಗೊತ್ತು. ಆ ಸಂಸ್ಥಾನಕ್ಕೆ ತನ್ನದೇ ರೂಪಾಯಿ ಇತ್ತು, ತನ್ನದೇ ಅಂಚೆ ಚೀಟಿ ಇತ್ತು, ತನ್ನದೇ ರೈಲು ಇತ್ತು ಎಂಬುದು ಇಂದಿನ ಯುವಕರಿಗೆ ಅಷ್ಟಾಗಿ ತಿಳಿಯದು. ನಮ್ಮ ಪೀಳಿಗೆಗೆ ಆಣೆ ಪೈಗಳೇ ಕಥೆಯಾಗಿರುವಾಗ ಎರಡು ಬಗೆಯ ರೂಪಾಯಿ ಎಂದರೆ ನಂಬುವುದೂ ಕಷ್ಟ.

ಮೊದಲು ಹಳಿಯ ವಿಷಯ. ಮುಂಬಯಿಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ (ಜಿ.ಐ.ಪಿ.) 1871ರಲ್ಲಿ ರಾಯಚೂರು ತಲುಪಿ, ಮದ್ರಾಸ್ ಕಡೆಯಿಂದ ಬಂದ ಹಳಿಯನ್ನು ಕೂಡಿಕೊಂಡಿತು. ಶಹಾಬಾದ್, ವಾಡಿ ಎರಡೂ ಈ ಮಾರ್ಗದಲ್ಲೇ ಇವೆ. ಆದರೆ ಈ ದೊಡ್ಡ ಮಾರ್ಗ ನಿಜಾಮರ ನೆಲದಲ್ಲಿ ಹಾದುಹೋದರೂ ಅವರ ರಾಜಧಾನಿಯನ್ನು ಮುಟ್ಟಲಿಲ್ಲ. ಸಾಲಾರ್ ಜಂಗ್ ದಿವಾನರಾಗಿದ್ದ ಕಾಲದಲ್ಲಿ, 1874ರ ಅಕ್ಟೋಬರ್‌ನಲ್ಲಿ, ವಾಡಿಯಿಂದ ಸಿಕಂದರಾಬಾದಿಗೆ ಸುಮಾರು 190 ಕಿಲೋಮೀಟರ್ ಉದ್ದದ ಹೊಸ ಮಾರ್ಗ ತೆರೆಯಿತು. ಹಣ ನಿಜಾಮರದು. ವಾಡಿ ಬಿಟ್ಟರೆ ಚಿತ್ತಾಪುರ, ಮಳಖೇಡ, ಸೇಡಂ, ತಾಂಡೂರು, ವಿಕಾರಾಬಾದ್. ಇಡೀ ದಖ್ಖನ್ನನ್ನು ಆಳಿದ ರಾಷ್ಟ್ರಕೂಟರ ಮಾನ್ಯಖೇಟ ಈ ಮಾರ್ಗದಲ್ಲಿ ಒಂದು ಸಣ್ಣ ಸ್ಟೇಷನ್ನಾಗಿ ಉಳಿದದ್ದು ಚರಿತ್ರೆಯ ತಮಾಷೆ ಎನ್ನಬೇಕು. 1883ರಲ್ಲಿ ಲಂಡನ್ನಿನಲ್ಲಿ ಕಂಪೆನಿಯೊಂದು ರಚನೆಯಾಗಿ ಈ ಮಾರ್ಗ ನಿಜಾಮ್ಸ್ ಗ್ಯಾರಂಟೀಡ್ ಸ್ಟೇಟ್ ರೈಲ್ವೆ ಎಂದಾಯಿತು. 1930ರಲ್ಲಿ ಸಂಸ್ಥಾನವೇ ಅದನ್ನು ಕೊಂಡುಕೊಂಡಿತು.

ಹೀಗಾಗಿ ವಾಡಿಯ ಪ್ಲಾಟ್‌ಫಾರಂ ಎಂದರೆ ಎರಡು ಕಂಪೆನಿಗಳು ಕೂಡುವ ಜಾಗ. ಶಹಾಬಾದಿನವರು ಸೊಲ್ಲಾಪುರಕ್ಕೆ ಹೋಗುವುದಾದರೆ ಒಂದೇ ರೈಲಿನಲ್ಲಿ ಕುಳಿತು ಹೋಗಬಹುದಿತ್ತು. ಸೇಡಂ, ಚಿತ್ತಾಪುರದವರು ವಾಡಿಯಲ್ಲಿ ಇಳಿದು ಮಾರ್ಗ ಬದಲಿಸಬೇಕು. ಚಿಂಚೋಳಿಯವರ ಪಾಡು ಇನ್ನೂ ಕಷ್ಟದ್ದು. ಅಲ್ಲಿ ರೈಲೇ ಇಲ್ಲ, ತಾಂಡೂರಿಗೆ ಹೋಗಿ ರೈಲು ಹಿಡಿಯಬೇಕು. 1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತ ರಚನೆಯಾದಾಗ ಕಲಬುರಗಿ ಜಿಲ್ಲೆಯಲ್ಲಿದ್ದ ತಾಂಡೂರು, ಕೊಡಂಗಲ್ ಎರಡೂ ಆಂಧ್ರಕ್ಕೆ ಸೇರಿದವು. ಚಿಂಚೋಳಿ ಮೈಸೂರು ರಾಜ್ಯಕ್ಕೆ ಬಂತು, ಅದರ ಸ್ಟೇಷನ್ ಮಾತ್ರ ಆಚೆ ಉಳಿಯಿತು!

ಇನ್ನು ರೂಪಾಯಿ. ‘ಹಾಲಿ’ ಎಂದರೆ ಈಗ ನಡೆಯುತ್ತಿರುವ, ಚಲಾವಣೆಯಲ್ಲಿರುವ ಎಂದರ್ಥ. ಹಾಲಿ ಶಾಸಕ, ಮಾಜಿ ಶಾಸಕ ಎಂದು ನಾವು ಪತ್ರಿಕೆಯವರು ದಿನಾ ಬರೆಯುವ ‘ಹಾಲಿ’ ಇದೇ. ಸಿಕ್ಕಾ ಎಂದರೆ ನಾಣ್ಯ. ಇಪ್ಪತ್ತನೆಯ ಶತಮಾನದ ಆರಂಭದಿಂದ ಈ ರೂಪಾಯಿಯ ಮೇಲೆ ಚಾರ್‌ಮಿನಾರ್ ಚಿತ್ರ ಬಂತು. ಅದರ ಕಮಾನಿನ ಬಾಗಿಲಲ್ಲಿ ಆಳುತ್ತಿದ್ದ ನಿಜಾಮರ ಹೆಸರಿನ ಮೊದಲ ಅಕ್ಷರವಿರುತ್ತಿತ್ತು: ಮಹಬೂಬ್ ಅಲಿ ಖಾನರ ಕಾಲದಲ್ಲಿ ‘ಮೀಮ್’, 1911ರಲ್ಲಿ ಪಟ್ಟಕ್ಕೆ ಬಂದ ಉಸ್ಮಾನ್ ಅಲಿ ಖಾನರ ಕಾಲದಲ್ಲಿ ‘ಐನ್’. ಆ ಮೇಲೆ ಇದಕ್ಕೆ ಉಸ್ಮಾನಿಯಾ ಸಿಕ್ಕಾ ಎಂಬ ಹೆಸರೂ ಬಿತ್ತು. 1918ರಿಂದ ಕಾಗದದ ನೋಟುಗಳೂ ಬಂದವು. ನೋಟಿನ ಮೇಲೆ ಉರ್ದು, ಇಂಗ್ಲಿಷ್, ತೆಲುಗು, ಮರಾಠಿಗಳ ಜೊತೆ ಕನ್ನಡದಲ್ಲೂ ಮೊತ್ತ ಬರೆದಿರುತ್ತಿತ್ತು. ಲಂಡನ್ನಿನಲ್ಲಿ ಮುದ್ರಣವಾಗಿ ಹಡಗಿನಲ್ಲಿ ಬರುತ್ತಿದ್ದ ಈ ನೋಟುಗಳ ಒಂದು ಕಂತು 1922ರ ಮೇ ತಿಂಗಳಲ್ಲಿ ‘ಈಜಿಪ್ಟ್’ ಎಂಬ ಹಡಗಿನೊಂದಿಗೆ ಫ್ರಾನ್ಸಿನ ಕರಾವಳಿಯಾಚೆ ಮುಳುಗಿತು. ಹತ್ತು ವರ್ಷದ ನಂತರ ಹಡಗಿನ ಚಿನ್ನವನ್ನು ಮೇಲೆತ್ತಿದವರಿಗೆ ಹೈದರಾಬಾದಿನ ನೋಟುಗಳೂ ಸಿಕ್ಕವು. ಅವು ಇನ್ನೂ ಚಲಾವಣೆಗೇ ಬಾರದ ನೋಟುಗಳಾದ್ದರಿಂದ ಅವುಗಳಿಗೆ ಕಾಗದದ ಬೆಲೆ ಮಾತ್ರ. ಕೊಡುವವನು ‘ಕೊಡುತ್ತೇನೆ’ ಎಂದು ಒಪ್ಪಿದ ಮೇಲೆಯೇ ಕಾಗದ ಹಣವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಬ್ರಿಟಿಷ್ ಇಂಡಿಯಾದ ರೂಪಾಯಿಗೆ ಈ ಕಡೆಯ ಹೆಸರು ಕಲ್ದಾರ್. ‘ಕಲ್’ ಎಂದರೆ ಯಂತ್ರ. ಯಂತ್ರದಲ್ಲಿ ಅಚ್ಚಾದದ್ದು ಕಲ್ದಾರ್. ಸರ್ಕಾರಿ ಕಾಗದಗಳಲ್ಲಿ ಒಂದಕ್ಕೆ ಓ.ಎಸ್., ಇನ್ನೊಂದಕ್ಕೆ ಬಿ.ಜಿ., ಸ್ವಾತಂತ್ರ್ಯದ ನಂತರ ಐ.ಜಿ. ಎಂದು ಗುರುತು ಹಾಕುತ್ತಿದ್ದರು. ಸಂಸ್ಥಾನದ ಕಂದಾಯ, ಊರ ಸಂತೆ, ಕೂಲಿ ಎಲ್ಲ ಸಿಕ್ಕಾದಲ್ಲಿ. ಜಿ.ಐ.ಪಿ. ಕಂಪೆನಿಯ ಲೆಕ್ಕ, ಸೊಲ್ಲಾಪುರ ಮುಂಬಯಿಗಳ ಪೇಟೆ ಎಲ್ಲ ಕಲ್ದಾರಿನಲ್ಲಿ. ಶಹಾಬಾದಿನ ಹಾಸುಗಲ್ಲು ಸಂಸ್ಥಾನದ ಹೊರಗೂ ಹೋಗುತ್ತಿತ್ತು. 1936ರಲ್ಲಿ ಎಸಿಸಿಯಲ್ಲಿ ಸೇರಿದ ಕಂಪೆನಿಗಳಲ್ಲಿ ಶಹಾಬಾದ್ ಸಿಮೆಂಟ್ ಕಂಪೆನಿಯೂ ಒಂದು. ಇಂಥ ಊರಿನಲ್ಲಿ ಹೊರಗಿನ ಗಿರಾಕಿಯ ಹಣ ಒಂದು, ಒಳಗಿನ ಸಂತೆಯ ಹಣ ಇನ್ನೊಂದು.

ದರ ನಿಂತದ್ದು ಹೇಗೆ?

ನೂರು ಕಲ್ದಾರ್ ರೂಪಾಯಿಗೆ 116 ರೂಪಾಯಿ 10 ಆಣೆ 8 ಪೈ ಸಿಕ್ಕಾ. ಇದು ಅಧಿಕೃತ ದರ. ಕೇಳಿದರೆ ತಲೆ ತಿರುಗುವಂಥ ಲೆಕ್ಕ. ಬಿಡಿಸಿ ನೋಡಿದರೆ ಸರಳ: ಏಳು ಸಿಕ್ಕಾಕ್ಕೆ ಆರು ಕಲ್ದಾರ್. ಮೂವತ್ತೈದು ಸಿಕ್ಕಾ ಹಿಡಿದುಕೊಂಡು ಸೇಡಂ ಬಿಟ್ಟವನಿಗೆ ಸೊಲ್ಲಾಪುರದಲ್ಲಿ ಮೂವತ್ತು ರೂಪಾಯಿ ಎಂದು ಲೆಕ್ಕ.

ಈ ದರ ಆಕಾಶದಿಂದ ಬಿದ್ದದ್ದಲ್ಲ. ಬ್ರಿಟಿಷ್ ರೂಪಾಯಿಯ ತೂಕ 11.66 ಗ್ರಾಂ, ಅದರಲ್ಲಿ ನೂರಕ್ಕೆ ಸುಮಾರು 91.7ರಷ್ಟು ಬೆಳ್ಳಿ. ಚಾರ್‌ಮಿನಾರ್ ರೂಪಾಯಿಯ ತೂಕ ಸುಮಾರು 11.18 ಗ್ರಾಂ, ಬೆಳ್ಳಿ ನೂರಕ್ಕೆ 81.8. ಗುಣಿಸಿ ನೋಡಿದರೆ ಒಂದರಲ್ಲಿ ಸುಮಾರು 10.7 ಗ್ರಾಂ ಬೆಳ್ಳಿ, ಇನ್ನೊಂದರಲ್ಲಿ ಸುಮಾರು 9.1 ಗ್ರಾಂ. ಎರಡರ ಪ್ರಮಾಣ ಹೆಚ್ಚುಕಡಿಮೆ ಏಳಕ್ಕೆ ಆರೇ. ಅಂದರೆ ನಾಣ್ಯವನ್ನು ಕರಗಿಸಿ ತೂಗಿದರೂ ಅದೇ ದರ ಬರುವಂತಿತ್ತು.

ಆದರೆ ಬೆಳ್ಳಿಯೊಂದೇ ಕಾರಣವೆಂದು ತಿಳಿಯಬಾರದು. 1893ರಲ್ಲಿ ಬ್ರಿಟಿಷ್ ಸರ್ಕಾರ ಸಾರ್ವಜನಿಕರು ತಂದುಕೊಟ್ಟ ಬೆಳ್ಳಿಯನ್ನು ನಾಣ್ಯವಾಗಿ ಅಚ್ಚು ಹಾಕಿಕೊಡುವ ಪದ್ಧತಿಯನ್ನು ನಿಲ್ಲಿಸಿತು. ಅಂದಿನಿಂದ ಕಲ್ದಾರ್ ತನ್ನೊಳಗಿನ ಬೆಳ್ಳಿಗಿಂತ ಹೆಚ್ಚು ಬೆಲೆಗೆ ನಡೆಯತೊಡಗಿತು. ಸಿಕ್ಕಾ ಬೆಳ್ಳಿಯ ಜೊತೆ ಏರಿಳಿಯಿತು. ಎರಡರ ನಡುವಿನ ದರ ಒಂದೆಡೆ ನಿಲ್ಲದೆ ಓಲಾಡಿತು. ಕೊನೆಗೆ ದರವನ್ನು ಹಿಡಿದು ನಿಲ್ಲಿಸಿದ್ದು ಹೈದರಾಬಾದ್ ಸರ್ಕಾರದ ಖಜಾನೆ. ನೋಟುಗಳು ಬಂದ ಮೇಲೆ ಅವುಗಳ ಬೆನ್ನಿಗೆ ನಿಧಿಯನ್ನು ಇಟ್ಟರು. ಆ ನಿಧಿಯ ದೊಡ್ಡ ಭಾಗ ಭಾರತ ಸರ್ಕಾರದ ಸಾಲಪತ್ರಗಳ ರೂಪದಲ್ಲಿತ್ತು. ಸಿಕ್ಕಾ ತಂದವನಿಗೆ ಕಲ್ದಾರ್ ಕೊಡಲು ಬೇಕಾದ ಹಣ ಕಲ್ದಾರಿನಲ್ಲೇ ಕೂಡಿಟ್ಟಿತ್ತು ಎಂದರ್ಥ. 1941ರ ಕಾಯಿದೆಯಂತೆ ಹೈದರಾಬಾದ್ ಸ್ಟೇಟ್ ಬ್ಯಾಂಕ್ ಸ್ಥಾಪನೆಯಾಗಿ 1942ರ ಏಪ್ರಿಲ್‌ನಿಂದ ಕೆಲಸ ಆರಂಭಿಸಿದಾಗ ಉಸ್ಮಾನಿಯಾ ಸಿಕ್ಕಾದ ಆಡಳಿತ ಅದರ ಪಾಲಿಗೆ ಬಂತು.

ಹಾಗೆಂದು ಸಾಮಾನ್ಯ ಪ್ರಯಾಣಿಕನಿಗೆ ನಷ್ಟವೇ ಇರಲಿಲ್ಲವೆಂದಲ್ಲ. ಅಧಿಕೃತ ದರ ಖಜಾನೆಯದು. ಊರಿನ ಸರಾಫನ ದರ ಸರಾಫನದು. ನಾಣ್ಯ ಬದಲಿಸುವಾಗ ಮುರಿದುಕೊಳ್ಳುವ ಪಾಲಿಗೆ ಕನ್ನಡದಲ್ಲಿ ‘ವಟ್ಟ’ ಎಂಬ ಹಳೆಯ ಮಾತೇ ಇದೆ. ಭಾಷೆಯಲ್ಲಿ ಅದಕ್ಕೊಂದು ಮಾತು ನೆಲೆಯೂರಿದೆ ಎಂದರೆ ನಷ್ಟವೂ ನೆಲೆಯೂರಿತ್ತು ಎಂದೇ ಅರ್ಥ. ಆದರೂ ಸಿಕ್ಕಾ ಹಿಡಿದವನಿಗೆ ಏನೂ ಸಿಗದೆ ಹೋಗುತ್ತಿರಲಿಲ್ಲ. ಅಂಚೆ ಚೀಟಿಯ ವಿಷಯ ಬೇರೆ. ನಿಜಾಮರ ಅಂಚೆ ಚೀಟಿ 1869ರಿಂದ ಇತ್ತು. ಅದು ನಡೆಯುತ್ತಿದ್ದುದು ಸಂಸ್ಥಾನದ ಒಳಗೆ ಮಾತ್ರ. ಗಡಿಯ ಆಚೆಗೆ ಕಾಗದ ಹಾಕಬೇಕಾದರೆ ಬ್ರಿಟಿಷ್ ಅಂಚೆಯ ಚೀಟಿಯೇ ಬೇಕು. ಮನೆಯಲ್ಲಿ ಉಳಿದ ನಿಜಾಮ್ ಚೀಟಿ ಸೊಲ್ಲಾಪುರದಲ್ಲಿ ಅಂದವಾದ ಬಣ್ಣದ ಕಾಗದ, ಅಷ್ಟೆ.

ಈ ಎರಡನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಒಂದು, ವಟ್ಟ ಕೊಟ್ಟಾದರೂ ಗಡಿ ದಾಟುವ ಸಿಕ್ಕಾ. ಇನ್ನೊಂದು, ದಾಟದೇ ಇರುವ ಅಂಚೆ ಚೀಟಿ. ವಿಮಾನದ ಮೈಲಿ ಇವೆರಡರಲ್ಲಿ ಯಾವುದರ ಜಾತಿ?

ಗಡಿ ಮುಚ್ಚಿದ ವರ್ಷ

ಅದಕ್ಕೆ ಮೊದಲು, ಒಪ್ಪಂದದ ಮೇಲೆ ನಿಂತ ದರ ಒಪ್ಪಂದ ಮುರಿದರೆ ಏನಾಗುತ್ತದೆ ಎಂಬುದನ್ನೂ ಈ ನಾಡು ಕಂಡಿದೆ. 1947ರ ನವೆಂಬರ್ 29ರಂದು ಭಾರತ ಸರ್ಕಾರ ಮತ್ತು ನಿಜಾಮರ ನಡುವೆ ಯಥಾಸ್ಥಿತಿ ಒಪ್ಪಂದವಾಯಿತು. ಅದರ ಮಸಿ ಆರುವ ಮೊದಲೇ ಹೈದರಾಬಾದ್ ಸರ್ಕಾರ ಎರಡು ಸುಗ್ರೀವಾಜ್ಞೆ ಹೊರಡಿಸಿತು. ಒಂದು, ಚಿನ್ನ ಬೆಳ್ಳಿ ಮೊದಲಾದವನ್ನು ಸಂಸ್ಥಾನದಿಂದ ಭಾರತಕ್ಕೆ ಒಯ್ಯುವುದರ ಮೇಲೆ ನಿರ್ಬಂಧ ಹಾಕಿತು. ಇನ್ನೊಂದು, ಭಾರತದ ರೂಪಾಯಿ ಸಂಸ್ಥಾನದಲ್ಲಿ ಕಾನೂನುಬದ್ಧ ಹಣವಲ್ಲ ಎಂದು ಸಾರಿತು. ಜೊತೆಗೆ ತನ್ನಲ್ಲಿದ್ದ ಭಾರತ ಸರ್ಕಾರದ ಸಾಲಪತ್ರಗಳ ರೂಪದಲ್ಲಿ ಪಾಕಿಸ್ತಾನಕ್ಕೆ 20 ಕೋಟಿ ರೂಪಾಯಿ ಸಾಲ ಕೊಟ್ಟಿತು. ವಿ.ಪಿ. ಮೆನನ್ ಸಂಸ್ಥಾನಗಳ ವಿಲೀನದ ಕುರಿತ ತಮ್ಮ ಪುಸ್ತಕದಲ್ಲಿ ಈ ಪ್ರಸಂಗವನ್ನು ವಿವರವಾಗಿ ದಾಖಲಿಸಿದ್ದಾರೆ.

ಇದು ರಜಾಕಾರರ ಹಾವಳಿಯ ಕಾಲ. ಕಲಬುರಗಿ, ಬೀದರ್, ರಾಯಚೂರು ಜಿಲ್ಲೆಗಳಿಂದ ಎಷ್ಟೋ ಕುಟುಂಬಗಳು ಊರು ಬಿಟ್ಟು ಗಡಿಯಾಚೆಯ ಸೊಲ್ಲಾಪುರ, ವಿಜಾಪುರ ಕಡೆಗೆ ಹೋದವು. ಹೊಲ, ಮನೆ, ದನಕರು ಒಯ್ಯುವ ಹಾಗಿಲ್ಲ. ಬೆಳ್ಳಿ ಬಂಗಾರ ಒಯ್ಯುವುದಕ್ಕೆ ಸಂಸ್ಥಾನದ ತಡೆ. ಸೊಂಟಕ್ಕೆ ಕಟ್ಟಿಕೊಂಡ ಸಿಕ್ಕಾ ಗಡಿಯಾಚೆ ಕಾನೂನಿನ ಪ್ರಕಾರ ಹಣವೇ ಅಲ್ಲ. ನಿನ್ನೆಯವರೆಗೆ ಏಳಕ್ಕೆ ಆರು ಎಂದು ಬಾಯಿಪಾಠವಾಗಿದ್ದ ದರ ಇಂದು ಕೊಳ್ಳುವವನ ಮರ್ಜಿ. ಬರೆದಿಟ್ಟ ಚರಿತ್ರೆಯಲ್ಲಿ ಸೈನ್ಯದ ಚಲನೆ, ಒಪ್ಪಂದದ ಕಲಮುಗಳು ಸಿಗುತ್ತವೆ. ಸಿಕ್ಕಾ ಮುರಿಸಲು ಅಲೆದವರ ಲೆಕ್ಕ ಸಿಗುವುದು ಕಡಿಮೆ. ಅದನ್ನು ಕೇಳಿ ಬರೆದುಕೊಳ್ಳಬೇಕಾಗಿದ್ದ ಕಾಲ ಬಹುಪಾಲು ಮೀರಿಹೋಗಿದೆ.

1948ರ ಸೆಪ್ಟೆಂಬರ್ 13ರಿಂದ 17ರವರೆಗೆ ನಡೆದ ಪೊಲೀಸ್ ಕಾರ್ಯಾಚರಣೆಯೊಂದಿಗೆ ಆ ಅಧ್ಯಾಯ ಮುಗಿಯಿತು. ಮುಂದೆ ನಡೆದದ್ದು ನಿಧಾನದ, ಆದರೆ ಕ್ರಮಬದ್ಧವಾದ ವರ್ಗಾವಣೆ. 1950ರಲ್ಲಿ ಭಾರತದ ರೂಪಾಯಿ ಸಂಸ್ಥಾನದೊಳಗೆ ಸಿಕ್ಕಾದ ಪಕ್ಕದಲ್ಲೇ ಚಲಾವಣೆಗೆ ಬಂತು, ದರ ಅದೇ ಏಳಕ್ಕೆ ಆರು. 1951ರಲ್ಲಿ ಹೊಸ ಸಿಕ್ಕಾ ಹೊರಡಿಸುವುದು ನಿಂತಿತು. 1959ರಲ್ಲಿ ಅದರ ಚಲಾವಣೆ ರದ್ದಾಯಿತು. ಹಾಲಿ ಸಿಕ್ಕಾ ಕೊನೆಗೂ ‘ಮಾಜಿ’ ಆದದ್ದು ಆಗ! ನಡುವೆ 1957ರ ಏಪ್ರಿಲ್ 1ರಂದು ನಯಾ ಪೈಸೆಯೂ ಬಂದಿತ್ತು. ಹೀಗಾಗಿ ಸೇಡಂ ಸಂತೆಯಲ್ಲಿ ಎರಡು ವರ್ಷ ಸಿಕ್ಕಾ, ಆಣೆ, ನಯಾ ಪೈಸೆ ಮೂರನ್ನೂ ಬಲ್ಲವನೇ ಜಾಣ. ಗೊಂದಲ ಇದ್ದಿರಬೇಕು. ಆದರೆ ಜನರಿಗೆ ಒಂಬತ್ತು ವರ್ಷ ಸಮಯ ಸಿಕ್ಕಿತು, ದರ ಬದಲಾಗಲಿಲ್ಲ, ಕೊಡುವವರು ಯಾರೆಂಬುದು ಸ್ಪಷ್ಟವಿತ್ತು. ಇತ್ತೀಚಿನ ನೋಟು ರದ್ದತಿಯನ್ನು ಕಂಡ ನಮಗೆ ಒಂಬತ್ತು ವರ್ಷ ಎಂಬುದು ಐಷಾರಾಮದಂತೆ ತೋರುತ್ತದೆ.

ಕಂಪೆನಿಯ ಟಂಕಸಾಲೆ

ಈಗ ಮೈಲಿಗೆ ಬರೋಣ. 1978ರಲ್ಲಿ ಅಮೆರಿಕ ತನ್ನ ವಿಮಾನ ಸಂಸ್ಥೆಗಳ ದರ ಮತ್ತು ಮಾರ್ಗಗಳ ಮೇಲಿನ ಸರ್ಕಾರಿ ಹಿಡಿತವನ್ನು ಸಡಿಲಿಸಿತು. ಪೈಪೋಟಿ ಹೆಚ್ಚಿತು. ಹಳೆಯ ಗಿರಾಕಿ ಕೈಬಿಟ್ಟು ಹೋಗದಂತೆ ಹಿಡಿದಿಡಲು ಅಮೆರಿಕನ್ ಏರ್‌ಲೈನ್ಸ್ 1981ರ ಮೇ ತಿಂಗಳಲ್ಲಿ ಒಂದು ಉಪಾಯ ಮಾಡಿತು. ಹಾರಿದ ಪ್ರತಿ ಮೈಲಿಯನ್ನೂ ಪ್ರಯಾಣಿಕನ ಹೆಸರಿನಲ್ಲಿ ಬರೆದಿಟ್ಟು, ಸಾಕಷ್ಟು ಸೇರಿದ ಮೇಲೆ ಒಂದು ಪುಕ್ಕಟೆ ಟಿಕೆಟ್ ಕೊಡುವುದು. ಕೆಲವೇ ದಿನಗಳಲ್ಲಿ ಯುನೈಟೆಡ್ ಅದನ್ನೇ ಅನುಸರಿಸಿತು. ಭಾರತಕ್ಕೆ ಈ ಪದ್ಧತಿ 1990ರ ದಶಕದಲ್ಲಿ, ಖಾಸಗಿ ವಿಮಾನಗಳು ಬಂದ ಕಾಲದಲ್ಲಿ ಬಂತು.

ನಮ್ಮೂರ ಕಿರಾಣಿ ಅಂಗಡಿಯವರು ಹಬ್ಬಕ್ಕೆ ಕೊಡುವ ಕೂಪನ್ನಿನ ಹಾಗೆ ಇದು ಶುರುವಾಯಿತು ನಿಜ. ಆದರೆ ಬೇಗನೆ ಕೂಪನ್ ಹೋಗಿ ಟಂಕಸಾಲೆಯಾಯಿತು. ವಿಮಾನ ಸಂಸ್ಥೆಗಳು ಬ್ಯಾಂಕುಗಳಿಗೆ ಮೈಲಿಗಳನ್ನು ಸಗಟಾಗಿ ಮಾರತೊಡಗಿದವು. ಬ್ಯಾಂಕುಗಳು ಅದನ್ನು ಕ್ರೆಡಿಟ್ ಕಾರ್ಡ್ ಬಳಸಿದವರಿಗೆ ಹಂಚಿದವು. ಇಂದು ಒಮ್ಮೆಯೂ ವಿಮಾನ ಹತ್ತದೆ, ಪೆಟ್ರೋಲ್ ಹಾಕಿಸಿ, ದಿನಸಿ ಕೊಂಡು ಮೈಲಿ ಗಳಿಸುವವರು ಇದ್ದಾರೆ.

ಸಂಸ್ಥೆಯ ಲೆಕ್ಕ ಪುಸ್ತಕದಲ್ಲಿ ನಿಮ್ಮ ಮೈಲಿ ಎಂದರೆ ಅದು ಮುಂದೆ ತೀರಿಸಬೇಕಾದ ಬಾಕಿ. ಎ ಸಂಸ್ಥೆಯಲ್ಲಿ ಗಳಿಸಿದ ಐವತ್ತು ಸಾವಿರ ಮೈಲಿಯನ್ನು ಬಿ ಸಂಸ್ಥೆಗೆ ವರ್ಗಾಯಿಸಿ ಎಂದರೆ, ಎ ಮಾಡಿದ ಸಾಲವನ್ನು ಬಿ ತೀರಿಸಲಿ ಎಂದಂತೆ. ಬಿ ಏಕೆ ಒಪ್ಪುತ್ತದೆ? ಎ ಅದಕ್ಕೆ ತಕ್ಕ ನಗದನ್ನು ಕೊಟ್ಟರೆ ಒಪ್ಪಬಹುದು. ಗಿರಾಕಿ ತನ್ನನ್ನು ಬಿಟ್ಟು ಹೋಗಲೆಂದು ಎ ತಾನೇ ಏಕೆ ದುಡ್ಡು ಕೊಟ್ಟೀತು? ಗಿರಾಕಿಯನ್ನು ಹಿಡಿದಿಡಲೆಂದೇ ಅಲ್ಲವೇ ಈ ನಾಣ್ಯ ಹುಟ್ಟಿದ್ದು! ಸಿಕ್ಕಾದ ಬೆನ್ನಿಗೆ ಬೆಳ್ಳಿಯೂ ಖಜಾನೆಯೂ ಇದ್ದಂತೆ ಇದರ ಬೆನ್ನಿಗೆ ಎರಡೂ ಇಲ್ಲ. ಮೈಲಿಗೆ ಸಮೀಪದ ನೆಂಟ ನಿಜಾಮರ ಅಂಚೆ ಚೀಟಿ.

ತಮಾಷೆಯೆಂದರೆ ಮೈಲಿಯೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಈ ಸಂಸ್ಥೆಗಳು ಪರಸ್ಪರ ಕೊಟ್ಟು ತೆಗೆದುಕೊಳ್ಳುತ್ತವೆ. ವಾಡಿಯಲ್ಲಿ ಎರಡು ರೈಲ್ವೆಗಳು ಒಂದೇ ಟಿಕೆಟ್ಟಿನ ಪ್ರಯಾಣಿಕನನ್ನೂ ಒಂದೇ ರಸೀದಿಯ ಸರಕನ್ನೂ ಒಬ್ಬರಿಂದೊಬ್ಬರು ಪಡೆದು, ಬಾಡಿಗೆಯನ್ನು ಆಮೇಲೆ ದೂರದ ಪ್ರಕಾರ ಹಂಚಿಕೊಳ್ಳಬೇಕಿತ್ತು. ವಿಮಾನಗಳೂ ಅದನ್ನೇ ಮಾಡುತ್ತವೆ. 1945ರಲ್ಲಿ ಹವಾನಾದಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ವಿಮಾನ ಸಾರಿಗೆ ಸಂಘ 1947ರಲ್ಲೇ ಪರಸ್ಪರ ಲೆಕ್ಕ ತೀರಿಸುವ ಒಂದು ಕೇಂದ್ರವನ್ನು ತೆರೆಯಿತು. ಹೈದರಾಬಾದಿನಲ್ಲಿ ಒಪ್ಪಿಸಿದ ಪೆಟ್ಟಿಗೆ ಎರಡು ಸಂಸ್ಥೆಗಳ ಕೈದಾಟಿ ಶಿಕಾಗೋದಲ್ಲಿ ಬೆಲ್ಟಿನ ಮೇಲೆ ಬರುವುದು ಇಂಥ ಏರ್ಪಾಟಿನಿಂದ. ತೊಗರಿ ಬೇಳೆ ಸಲೀಸಾಗಿ ಸಂಸ್ಥೆ ಬದಲಿಸುತ್ತದೆ, ಮೈಲಿ ಬದಲಿಸುವುದಿಲ್ಲ.

1997ರ ಮೇ ತಿಂಗಳಲ್ಲಿ ಐದು ಸಂಸ್ಥೆಗಳು ಸೇರಿ ಸ್ಟಾರ್ ಅಲಯನ್ಸ್ ಎಂಬ ಕೂಟ ಕಟ್ಟಿದವು. 1999ರಲ್ಲಿ ಒನ್‌ವರ್ಲ್ಡ್, 2000ದಲ್ಲಿ ಸ್ಕೈಟೀಮ್ ಬಂದವು. ಏರ್ ಇಂಡಿಯಾ 2014ರ ಜುಲೈನಲ್ಲಿ ಸ್ಟಾರ್ ಅಲಯನ್ಸ್ ಸೇರಿತು. ಕೂಟ ಎಂದ ಕೂಡಲೇ ಮೈಲಿಗಳೆಲ್ಲ ಒಂದೇ ಎಂದು ಬಹಳ ಜನ ತಿಳಿಯುತ್ತಾರೆ. ಹಾಗಿಲ್ಲ. ಯುನೈಟೆಡ್ ವಿಮಾನದಲ್ಲಿ ಹಾರಿ ಏರ್ ಇಂಡಿಯಾ ಖಾತೆಗೆ ಪಾಯಿಂಟು ಹಾಕಿಸಬಹುದು. ಏರ್ ಇಂಡಿಯಾ ಪಾಯಿಂಟು ಕೊಟ್ಟು ಯುನೈಟೆಡ್ ವಿಮಾನದಲ್ಲಿ ಸೀಟು ಪಡೆಯಬಹುದು. ಒಂದು ಖಾತೆಯಿಂದ ಇನ್ನೊಂದಕ್ಕೆ ಸುರಿಯುವಂತಿಲ್ಲ. ಹೊರಟವರಿಗೆ ಮುಖ್ಯವಾದ ಮಾತು ಇದೇ: ಹಳೆಯ ಮೈಲಿಯನ್ನು ಸಾಗಿಸುವುದು ಕಷ್ಟ, ಹಳೆಯ ಮೈಲಿಯಿಂದ ಹೊಸ ಊರಿನ ವಿಮಾನ ಹತ್ತುವುದು ಸುಲಭ.

ನಿಯಮಕ್ಕೆ ಒಂದು ದೊಡ್ಡ ಅಪವಾದವಿದೆ. ಬ್ರಿಟಿಷ್ ಏರ್‌ವೇಸ್, ಐಬೀರಿಯಾ ಮುಂತಾದವು ‘ಏವಿಯೋಸ್’ ಎಂಬ ಒಂದೇ ನಾಣ್ಯವನ್ನು ಬಳಸುತ್ತವೆ. 2022ರಲ್ಲಿ ಕತಾರ್ ಏರ್‌ವೇಸ್, 2024ರಲ್ಲಿ ಫಿನ್‌ಏರ್ ಅದನ್ನೇ ಸ್ವೀಕರಿಸಿದವು. ಇವುಗಳ ಖಾತೆಗಳ ನಡುವೆ ಒಂದಕ್ಕೊಂದರಂತೆ ವರ್ಗಾವಣೆ ಮಾಡಬಹುದು. ದೋಹಾದಲ್ಲಿ ಗಳಿಸಿದ್ದನ್ನು ಲಂಡನ್ನಿಗೆ ಒಯ್ಯುವವರಿಗೆ ವಟ್ಟವೂ ಇಲ್ಲ. 1959ರ ನಂತರದ ಕಲಬುರಗಿಯ ಹಾಗೆ, ನಾಣ್ಯ ಒಂದಾದ ಮೇಲೆ ಗಡಿಯ ಪ್ರಶ್ನೆಯೇ ಏಳುವುದಿಲ್ಲ.

ಮುಳುಗಿದ ಮೈಲಿ, ಉಳಿದ ಮೈಲಿ

ನಾಣ್ಯ ಹೊರಡಿಸಿದವನೇ ಇಲ್ಲವಾದರೆ? ಕರ್ನಾಟಕದವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಬೆಂಗಳೂರಿನ ಕಿಂಗ್‌ಫಿಷರ್ 2012ರ ಅಕ್ಟೋಬರ್‌ನಲ್ಲಿ ಹಾರಾಟ ನಿಲ್ಲಿಸಿತು. ಅದರ ಮೈಲಿ ಇಟ್ಟುಕೊಂಡವರಿಗೆ ಏರಲು ವಿಮಾನವೇ ಇರಲಿಲ್ಲ. 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್ ನಿಂತಾಗ ಕಥೆ ಬೇರೆಯಾಯಿತು. ಅದರ ಮೈಲಿಗಳ ವ್ಯವಹ‌ಾರ ಬೇರೊಂದು ಕಂಪೆನಿಯಾಗಿ ನೋಂದಣಿಯಾಗಿತ್ತು. ಅದು ಅದೇ ವರ್ಷ ಇಂಟರ್‌ಮೈಲ್ಸ್ ಎಂದು ಹೆಸರು ಬದಲಿಸಿಕೊಂಡು, ಹಳೆಯ ಪಾಯಿಂಟುಗಳನ್ನು ಬೇರೆ ವಿಮಾನ ಮತ್ತು ಹೋಟೆಲುಗಳಿಗೆ ಬಳಸಲು ಬಿಟ್ಟಿತು. 2024ರ ನವೆಂಬರ್ 12ರಂದು ವಿಸ್ತಾರಾ ಏರ್ ಇಂಡಿಯಾದಲ್ಲಿ ಲೀನವಾದಾಗ ಅದರ ಸದಸ್ಯರ ಪಾಯಿಂಟುಗಳು ಒಂದಕ್ಕೊಂದರಂತೆ ಏರ್ ಇಂಡಿಯಾದ ಮಹಾರಾಜ ಕ್ಲಬ್ಬಿಗೆ ಹೋದವು. ಎರಡೂ ಒಂದೇ ಟಾಟಾ ಬಳಗದವು; ಹಳೆಯ ಬಾಕಿಯನ್ನು ಹೊಸ ಮನೆ ಹೊತ್ತುಕೊಂಡಿತು.

ಕಾನೂನು ಪ್ರಯಾಣಿಕನ ಕಡೆ ಎಷ್ಟು ನಿಲ್ಲುತ್ತದೆ? ಅಮೆರಿಕನ್ ಏರ್‌ಲೈನ್ಸ್ ತನ್ನ ಮೈಲಿ ನಿಯಮಗಳನ್ನು ಹಿಂದಿನಿಂದ ಜಾರಿಯಾಗುವಂತೆ ಬದಲಿಸಿತೆಂದು ಸದಸ್ಯರು ಹೂಡಿದ ದಾವೆ ಅಲ್ಲಿಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಗ್ರಾಹಕ ವಂಚನೆಯ ರಾಜ್ಯ ಕಾನೂನುಗಳನ್ನು ಇಲ್ಲಿ ಬಳಸುವಂತಿಲ್ಲ, ಆದರೆ ಕರಾರು ಮುರಿದ ಬಗ್ಗೆ ದಾವೆ ಹೂಡಬಹುದು ಎಂದು 1995ರಲ್ಲಿ ತೀರ್ಪು ಬಂತು. ಕರಾರು ಎಂದರೆ ಸೇರುವಾಗ ಓದದೆ ಒಪ್ಪಿದ ಸಣ್ಣಕ್ಷರದ ನಿಯಮಾವಳಿ. ಸಾಮಾನ್ಯವಾಗಿ ಅದರಲ್ಲೇ ‘ನಿಯಮ ಬದಲಿಸುವ ಹಕ್ಕು ಸಂಸ್ಥೆಗಿದೆ’ ಎಂದೂ ಇರುತ್ತದೆ! ನಿನ್ನೆ ಇಪ್ಪತ್ತು ಸಾವಿರ ಮೈಲಿಗೆ ಸಿಗುತ್ತಿದ್ದ ಸೀಟಿಗೆ ಇಂದು ಮೂವತ್ತು ಸಾವಿರ ಎಂದರೆ ಕೇಳುವಂತಿಲ್ಲ. ನಿಜಾಮರ ಸರ್ಕಾರವೂ ಅಷ್ಟು ಸಲೀಸಾಗಿ ತನ್ನ ರೂಪಾಯಿಯ ಬೆಲೆ ಇಳಿಸಲಾಗುತ್ತಿರಲಿಲ್ಲ.

ಹಾಗಾದರೆ ಹೊರಟವರು ಮಾಡಬೇಕಾದ್ದೇನು? ಮೊದಲನೆಯದಾಗಿ, ಖಾತೆ ಮುಚ್ಚಬೇಕಿಲ್ಲ. ದೇಶ ಬದಲಾದರೂ ಸದಸ್ಯತ್ವ ಸಾಮಾನ್ಯವಾಗಿ ಮುಂದುವರಿಯುತ್ತದೆ. ಹೊಸ ಊರಿನಲ್ಲಿ ಅದೇ ಕೂಟದ ವಿಮಾನ ಹೆಚ್ಚಿದ್ದರೆ ಹಳೆಯ ಖಾತೆಗೇ ಹಾಕಿಸುತ್ತಾ ಹೋಗಬಹುದು. ಅಲ್ಲಿ ಬೇರೆ ಕೂಟದ ರಾಜ್ಯವಿದ್ದರೆ ಹಳೆಯದನ್ನು ಅವಧಿ ಮುಗಿಯುವ ಮೊದಲು, ಅಪ್ಪ ಅವ್ವನನ್ನು ಕರೆಸಿಕೊಳ್ಳುವ ಟಿಕೆಟ್ಟಿಗೆ, ಖರ್ಚು ಮಾಡಿಬಿಡುವುದು ಒಳ್ಳೆಯದು. ಮೈಲಿ ಹಳೆಯದಾದಷ್ಟೂ ರುಚಿ ಹೆಚ್ಚುವ ಉಪ್ಪಿನಕಾಯಿಯಲ್ಲ. ಮೇಲ್ದರ್ಜೆಯ ಸದಸ್ಯರಾಗಿದ್ದವರಿಗೆ ಹೊಸ ಸಂಸ್ಥೆ ಹಳೆಯ ಕಾರ್ಡು ನೋಡಿ ಕೆಲವು ಕಾಲ ಅದೇ ದರ್ಜೆಯ ಗೌರವ ಕೊಡುವುದೂ ಉಂಟು, ಕೇಳಿ ನೋಡಬೇಕು. ಮೈಲಿ ಮಾತ್ರ ಅದರ ಜೊತೆ ಬರುವುದಿಲ್ಲ.

ಹೆಚ್ಚು ಎಚ್ಚರ ಬೇಕಾದ್ದು ಬ್ಯಾಂಕ್ ಕಾರ್ಡಿನ ಪಾಯಿಂಟುಗಳ ವಿಷಯದಲ್ಲಿ. ಇವು ಇಂದಿನ ನಿಜವಾದ ಸರಾಫರು. ಹಲವು ಬ್ಯಾಂಕುಗಳು ತಮ್ಮ ಪಾಯಿಂಟನ್ನು ಬೇರೆ ಬೇರೆ ವಿಮಾನ ಸಂಸ್ಥೆಗಳ ಮೈಲಿಯಾಗಿ, ವಿದೇಶಿ ಸಂಸ್ಥೆಗಳದ್ದಾಗಿಯೂ, ಬದಲಿಸಿಕೊಡುತ್ತವೆ. ದರ ಒಂದಕ್ಕೊಂದು ಇರಬಹುದು, ಎರಡಕ್ಕೊಂದು ಇರಬಹುದು. ಒಮ್ಮೆ ಬದಲಿಸಿದರೆ ವಾಪಸಿಲ್ಲ. ವಿದೇಶದಲ್ಲಿ ನೆಲೆಸುವವರು ವಿದೇಶಿ ವಿನಿಮಯ ನಿರ್ವಹಣಾ ಕಾಯಿದೆಯ ನಿಯಮಗಳಂತೆ ಇಲ್ಲಿಯ ಉಳಿತಾಯ ಖಾತೆಯನ್ನು ಅನಿವಾಸಿ (ಎನ್‌ಆರ್‌ಒ) ಖಾತೆಯಾಗಿ ಬದಲಿಸಬೇಕು. ಆಗ ಹಳೆಯ ಕ್ರೆಡಿಟ್ ಕಾರ್ಡ್ ರದ್ದಾಗುವ ಸಾಧ್ಯತೆ ಇದೆ, ಕಾರ್ಡಿನೊಂದಿಗೆ ಪಾಯಿಂಟೂ ಹೋಗಬಹುದು. ಆದ್ದರಿಂದ ಎಲ್ಲಿಗೆ ಹೋಗುತ್ತೇವೆ, ಅಲ್ಲಿ ಯಾವ ವಿಮಾನ ಹತ್ತುತ್ತೇವೆ ಎಂದು ಖಚಿತವಾದ ಮೇಲೆ, ಬ್ಯಾಂಕಿಗೆ ಅರ್ಜಿ ಕೊಡುವ ಮೊದಲು, ಈ ಬದಲಾವಣೆ ಮುಗಿಸಿಕೊಳ್ಳಬೇಕು.

ಕಲಬುರಗಿಗೆ ಈಗ ವಿಮಾನ ನಿಲ್ದಾಣವೂ ಇದೆ. 2019ರ ನವೆಂಬರ್ 22ರಂದು ಸೇಡಂ ರಸ್ತೆಯ ಶ್ರೀನಿವಾಸ ಸರಡಗಿಯಲ್ಲಿ ಅದು ತೆರೆಯಿತು. ಆದರೂ ದೂರ ದೇಶಕ್ಕೆ ಹೊರಟ ಸೇಡಂ, ಚಿಂಚೋಳಿಯವರಿಗೆ ಹತ್ತಿರವಾಗುವುದು ಹೈದರಾಬಾದಿನ ಶಂಷಾಬಾದ್. ಕಾರು ಬೇಡವೆಂದರೆ 1874ರ ಆ ಹಳಿ ಇಂದಿಗೂ ಇದೆ. ಜಿ.ಐ.ಪಿ. ಮತ್ತು ನಿಜಾಮರ ರೈಲು ಎರಡೂ 1951ರ ನವೆಂಬರ್‌ನಲ್ಲಿ ಮಧ್ಯ ರೈಲ್ವೆಯಲ್ಲಿ ಒಂದಾದವು. 1966ರಲ್ಲಿ ದಕ್ಷಿಣ ಮಧ್ಯ ರೈಲ್ವೆ ರಚನೆಯಾಯಿತು, ಮುಂದೆ ವಾಡಿ ಮತ್ತೆ ಎರಡು ವಲಯಗಳು ಕೂಡುವ ಊರಾಯಿತು. ಪ್ರಯಾಣಿಕನಿಗೆ ಅದು ತಿಳಿಯುವುದೂ ಇಲ್ಲ, ಟಿಕೆಟ್ ಒಂದೇ. ಹೊರಡುವ ಮುನ್ನ ಇನ್ನೊಂದು ಕೆಲಸ: ಮೈಲಿ ಖಾತೆಗೂ ಬ್ಯಾಂಕಿಗೂ ಕೊಟ್ಟ ಇಲ್ಲಿಯ ಮೊಬೈಲ್ ಸಂಖ್ಯೆಯನ್ನು ಬದಲಿಸಿಕೊಳ್ಳಬೇಕು, ಇಲ್ಲವೇ ಆ ಸಿಮ್ಮಿಗೆ ಮನೆಯವರು ಕಾಲಕಾಲಕ್ಕೆ ರೀಚಾರ್ಜ್ ಮಾಡಿಸುತ್ತಿರಬೇಕು. ಖಾತೆ ತೆರೆಯುವ ಒಟಿಪಿ ಬರುವುದು ಅದಕ್ಕೇ.